ಎರಡೂ ಮನೆ ಒಂದೇ ಥರ ಇವೆ, ಯಾವುದು ತಗೊಳ್ಳಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ಹೆಂಡತಿ ಮಹಾಂತೇಶ ನಗರದ ಶಾಲೆಯಲ್ಲಿ ಟೀಚರ್, ಮಗಳೂ ಮುಂದಿನ ವರ್ಷ ಅದೇ ಶಾಲೆಗೆ ಹೋಗುತ್ತಾಳೆ. ಟಿಳಕವಾಡಿಯಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ಮನೆತನದಲ್ಲಿ ಸಿಟಿಯಲ್ಲಿ ಮನೆ ಕೊಳ್ಳುತ್ತಿರುವವನು ನಾನೇ ಮೊದಲು, ಕೇಳೋಣ ಅಂದರೆ ಗೊತ್ತಿರುವವರು ಯಾರೂ ಇಲ್ಲ. ಈಗ ಎರಡು ಮನೆ ನೋಡಿದ್ದೇವೆ. ಒಂದು ವಡಗಾವಿಯಲ್ಲಿ, ಯಳ್ಳೂರ ರಸ್ತೆ ಬದಿಗೆ. ಇನ್ನೊಂದು ರಾಮತೀರ್ಥ ನಗರದಲ್ಲಿ. ಎರಡೂ 30–40ರ ಜಾಗ, ಎರಡೂ ಪೂರ್ವ ದಿಕ್ಕಿಗೆ, ಎರಡರಲ್ಲೂ ಎರಡು ಬೆಡ್‌ರೂಮ್. ವಡಗಾವಿಯದ್ದು 7 ವರ್ಷದ ಮನೆ, 58 ಲಕ್ಷ ಹೇಳುತ್ತಿದ್ದಾರೆ. ಕಟ್ಟಿಸಿದವರು ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾನೆ. ಅವನ ತಾಯಿ ಮತ್ತು ಮದುವೆಯಾದ ಇಬ್ಬರು ಅಕ್ಕಂದಿರು ಇದ್ದಾರೆ. ರಾಮತೀರ್ಥ ನಗರದ್ದು 10 ವರ್ಷದ್ದು, 61 ಲಕ್ಷ. ಮಾಲೀಕರು ರಿಟೈರ್ ಆಗಿ ಪುಣೆಗೆ ಮಗನ ಹತ್ತಿರ ಹೋಗುತ್ತಿದ್ದಾರೆ, ಅವರ ಸಾಲ ಬ್ಯಾಂಕಿನಲ್ಲಿ ಸ್ವಲ್ಪ ಬಾಕಿ ಇದೆಯಂತೆ. ನಮ್ಮ ಕೈಯಲ್ಲಿ 18 ಲಕ್ಷ ಇದೆ. ನನಗೆ ಕಾರ್ಖಾನೆಗೆ ಹತ್ತಿರ ಅಂತ ಮೊದಲನೆಯದು ಇಷ್ಟ, ಹೆಂಡತಿಗೆ ಎರಡನೆಯದು. ಆದರೆ ಅದರಲ್ಲಿ ಈಶಾನ್ಯ ಮೂಲೆಗೆ ಸಂಡಾಸ ಇದೆ ಅಂತ ಅತ್ತೆಯವರು ಬೇಡ ಅನ್ನುತ್ತಾರೆ. ಏಜೆಂಟ್ ಮುಂದಿನ ವಾರದೊಳಗೆ 2 ಲಕ್ಷ ಸಂಚಕಾರ ಕೊಡಿ, ಬೇರೆಯವರೂ ಕಾಯ್ತಾ ಇದ್ದಾರೆ ಅಂತ ಅವಸರ ಮಾಡುತ್ತಿದ್ದಾನೆ. ಏನು ಮಾಡಲಿ?

ಉತ್ತರ: ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿದ್ದರ ಮೇಲೆ ಹೇಳುವುದಾದರೆ ನಾನು ರಾಮತೀರ್ಥ ನಗರದ ಮನೆಯ ಕಡೆ. ಆದರೆ ಮುಂದಿನ ವಾರ ಯಾವುದಕ್ಕೂ ದುಡ್ಡು ಕೊಡಬೇಡಿ.

ಎರಡೂ ಒಂದೇ ಥರ ಅಂತ ಬರೆದಿದ್ದೀರಿ. ಕೋಣೆ, ಅಳತೆ, ಬಾಗಿಲ ದಿಕ್ಕು ಒಂದೇ ಇರಬಹುದು. ಆದರೆ ನಿಮ್ಮ ಪತ್ರದಲ್ಲೇ ಎರಡಕ್ಕೂ ದೊಡ್ಡ ವ್ಯತ್ಯಾಸ ಇದೆ, ನೀವು ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ: ಒಂದು ಮನೆಯನ್ನು ಅದರ ಮಾಲೀಕರೇ ಮಾರುತ್ತಿದ್ದಾರೆ, ಇನ್ನೊಂದನ್ನು ತೀರಿಕೊಂಡವರ ಮಗ ಮಾರುತ್ತಿದ್ದಾನೆ.

ವಡಗಾವಿಯ ಮನೆ ತಂದೆ ತಾವೇ ಗಳಿಸಿ ಕಟ್ಟಿಸಿದ್ದು, ಅವರು ಮೃತ್ಯುಪತ್ರ ಬರೆದಿಟ್ಟಿಲ್ಲ ಅಂತ ಇಟ್ಟುಕೊಳ್ಳಿ. ಆಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಇಬ್ಬರು ಹೆಣ್ಣುಮಕ್ಕಳು, ನಾಲ್ವರಿಗೂ ಸಮಪಾಲು. ಅಜ್ಜಿ ಬದುಕಿದ್ದರೆ, ಅಂದರೆ ತೀರಿಕೊಂಡವರ ತಾಯಿ ಇದ್ದರೆ, ಅವರಿಗೂ ಒಂದು ಪಾಲು. ಮದುವೆಯಾಗಿ ಹೋಗಿದ್ದಾರೆ, ವರದಕ್ಷಿಣೆ ಬಂಗಾರ ಎಲ್ಲಾ ಕೊಟ್ಟು ಕಳಿಸಿದ್ದೇವೆ ಅನ್ನುವ ಮಾತು ನಮ್ಮ ಕಡೆ ಮನೆಮನೆಯಲ್ಲೂ ಕೇಳುತ್ತೇವೆ, ಕಾಯ್ದೆಯಲ್ಲಿ ಅದಕ್ಕೆ ಬೆಲೆ ಇಲ್ಲ. ಮಗ ನಿಮಗೆ ತನ್ನ ಒಬ್ಬನ ಹೆಸರಿನ ಖಾತೆ, ಉತಾರ (ಆಸ್ತಿ ದಾಖಲೆಯ ನಕಲು) ತೋರಿಸಬಹುದು. ವಾರಸಾ ಮಾಡಿಸಿ ಖಾತೆ ಒಬ್ಬರ ಹೆಸರಿಗೆ ಬಂದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. ತೆರಿಗೆ ಯಾರು ಕಟ್ಟುತ್ತಾರೆ ಅನ್ನುವುದಕ್ಕೆ ಖಾತೆ ಬೇಕು, ಮಾಲೀಕ ಯಾರು ಅನ್ನುವುದಕ್ಕೆ ಅದೊಂದೇ ಸಾಕಾಗುವುದಿಲ್ಲ.

ಆದ್ದರಿಂದ ಏಜೆಂಟನಿಗೆ ನೀವು ಕೇಳಬೇಕಾದ ಮೊದಲ ಮಾತು ಬೆಲೆಯದ್ದಲ್ಲ. ತಾಯಿ, ಇಬ್ಬರು ಅಕ್ಕಂದಿರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಖರೀದಿ ಪತ್ರಕ್ಕೆ ಸಹಿ ಹಾಕುತ್ತಾರಾ? ಅಥವಾ ಮಗನ ಹೆಸರಿಗೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟಿದ್ದಾರಾ? ಬಿಳಿ ಹಾಳೆಯ ಮೇಲೆ ಬರೆದ ಒಪ್ಪಿಗೆ, ನೋಟರಿ ಮಾಡಿಸಿದ ಅಫಿಡವಿಟ್, ಫೋನಿನಲ್ಲಿ "ನಮ್ದೇನೂ ತಕರಾರಿಲ್ಲ" ಅಂದ ಮಾತು, ಇವ್ಯಾವುದನ್ನೂ ನಂಬಿ ಹೋಗಬೇಡಿ. ಮೂವರೂ ಬಂದು ಸಹಿ ಹಾಕುತ್ತಾರೆ ಅಂದರೆ ಆ ಮನೆಯ ಮೇಲಿನ ನನ್ನ ಅರ್ಧ ಆಕ್ಷೇಪ ಹೋಯಿತು. ಅಕ್ಕಂದಿರ ಹೆಸರು ತೆಗೆದ ಕೂಡಲೇ ಮಾತು ತಿರುಗಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನರ್ಧ ಆಕ್ಷೇಪ ನೆಲದ್ದು. ವಡಗಾವಿ, ಶಹಾಪುರ, ಯಳ್ಳೂರ ಬದಿ ಎರೆ ನೆಲ, ಬಾಸುಮತಿ ಬೆಳೆಯುವ ಸೀಮೆ. ಬೆಳೆಗೆ ಬಂಗಾರದಂಥ ಮಣ್ಣು. ಮನೆಗೆ ಮಾತ್ರ ಬಹಳ ಜೋಪಾನ ಬೇಕು, ಯಾಕಂದರೆ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ, ವರ್ಷಾ ವರ್ಷ ಇದೇ ನಡೆಯುತ್ತದೆ. ಗಟ್ಟಿ ಗರಸು ಸಿಗುವವರೆಗೆ ಪಾಯ ಇಳಿಸಿ, ಕಾಲಂ ನಿಲ್ಲಿಸಿ, ಕೆಳಗೆ ಪ್ಲಿಂತ್ ಬೀಮ್ ಕಟ್ಟಿದ್ದರೆ ಮನೆ ಅಲುಗುವುದಿಲ್ಲ. ದುಡ್ಡು ಉಳಿಸಲು ಮೇಲೆ ಮೇಲೆ ಪಾಯ ತೆಗೆದಿದ್ದರೆ ಗೋಡೆ ಹೇಳಿಬಿಡುತ್ತದೆ.

ಹೇಗೆ ನೋಡಬೇಕು? ಹಾಲ್‌ನ ಮಧ್ಯ ನಿಂತು ಬಣ್ಣ ನೋಡಬೇಡಿ. ಕಿಟಕಿಯ ಮೂಲೆಗಳಿಗೆ ಹೋಗಿ. ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಸಣ್ಣ ಗೆರೆಗಳು ಎಲ್ಲಾ ಮನೆಯಲ್ಲೂ ಇರುತ್ತವೆ, ಅದಕ್ಕೆ ಹೆದರಬೇಕಾಗಿಲ್ಲ. ಕಿಟಕಿ ಅಥವಾ ಬಾಗಿಲ ಮೂಲೆಯಿಂದ ಓರೆಯಾಗಿ ಮೇಲಕ್ಕೋ ಕೆಳಕ್ಕೋ ಹೊರಟ ಬಿರುಕು, ಒಂದು ತುದಿಯಲ್ಲಿ ಸಣ್ಣದು ಇನ್ನೊಂದು ತುದಿಯಲ್ಲಿ ನಾಣ್ಯದ ಅಂಚು ಹೋಗುವಷ್ಟು ಅಗಲ, ಒಳಗೆ ಕಂಡದ್ದೇ ಹೊರಗಿನ ಗೋಡೆಯಲ್ಲೂ ಅದೇ ಜಾಗದಲ್ಲಿ ಇದೆ ಅಂದರೆ ಪಾಯ ಸರಿದಿದೆ ಅನ್ನುವ ಗುಮಾನಿ ಬರಬೇಕು. ಪ್ರತಿ ಬಾಗಿಲನ್ನೂ ಹಾಕಿ ತೆಗೆದು ನೋಡಿ. ಚಿಲಕ ಹಾಕುವಾಗ ಬಾಗಿಲನ್ನು ಸ್ವಲ್ಪ ಮೇಲೆತ್ತಿ ಹಾಕಬೇಕಾಗಿದ್ದರೆ, ಅದೂ ಎರಡು ಮೂರು ಬಾಗಿಲಿಗೆ ಹಾಗೇ ಆಗಿದ್ದರೆ, ಚೌಕಟ್ಟು ಓರೆಯಾಗಿದೆ. ಗೋಡೆಯ ಒಂದೇ ಒಂದು ಭಾಗಕ್ಕೆ ಹೊಸ ಪುಟ್ಟಿ ಹಚ್ಚಿದ್ದರೆ ಅಲ್ಲಿ ಯಾಕೆ ಅಂತ ಕೇಳಿ. ಇಬ್ಬರೇ ಹೋಗಬೇಡಿ, ಏಜೆಂಟ್ ಕರೆತಂದವರನ್ನು ಬಿಟ್ಟು ನಿಮ್ಮದೇ ಪರಿಚಯದ ಒಬ್ಬ ಸಿವಿಲ್ ಇಂಜಿನಿಯರ್‌ಗೆ ಫೀಸು ಕೊಟ್ಟು ಎರಡೂ ಮನೆಗೆ ಕರೆದುಕೊಂಡು ಹೋಗಿ. 60 ಲಕ್ಷದ ವ್ಯವಹಾರದಲ್ಲಿ ಆ ಫೀಸು ಲೆಕ್ಕಕ್ಕೇ ಬರುವುದಿಲ್ಲ.

ನೀರಿನದ್ದೂ ಇದೆ. ಮಳೆಗಾಲದಲ್ಲಿ ಬಳ್ಳಾರಿ ನಾಲಾ ತುಂಬಿ ಆ ಬದಿಯ ಹೊಲಗಳಿಗೆ ನುಗ್ಗುವುದು ಬೆಳಗಾವಿಯವರಿಗೆ ಹೊಸ ಸುದ್ದಿ ಏನಲ್ಲ. 2019ರ ಆಗಸ್ಟ್ ಮಳೆ ನಿಮಗೂ ನೆನಪಿರಬೇಕು. ನೀವು ನೋಡಿದ ಮನೆಗೆ ಆಗ ನೀರು ಬಂದಿತ್ತಾ ಅಂತ ಮಾಲೀಕರನ್ನು ಕೇಳಿ ಪ್ರಯೋಜನ ಇಲ್ಲ. ಅದೇ ಓಣಿಯಲ್ಲಿ ನಾಲ್ಕು ಮನೆ ಆಚೆ ಅಂಗಳದಲ್ಲಿ ಕೂತ ಯಾರಾದರೂ ಅಜ್ಜಿಯನ್ನೋ ಕಿರಾಣಿ ಅಂಗಡಿಯವರನ್ನೋ ಕೇಳಿ, ಎಷ್ಟನೇ ಮೆಟ್ಟಿಲವರೆಗೆ ಬಂದಿತ್ತು ಅಂತ ಕೈ ಮಾಡಿ ತೋರಿಸುತ್ತಾರೆ. ಹಾಗೇ ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತಲೂ ಕೇಳಿಬಿಡಿ. ನಮ್ಮ ಊರಿನಲ್ಲಿ ಕೆಲವು ವಾರ್ಡ್‌ಗಳಿಗೆ 2008ರಿಂದಲೇ 24 ಗಂಟೆ ನೀರಿನ ಯೋಜನೆ ಬಂತು, ಆದರೆ ಒಂದು ಬಡಾವಣೆಯ ಮಾತು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ರಾಮತೀರ್ಥ ನಗರದಲ್ಲೂ ಇದೇ ಪ್ರಶ್ನೆ ಕೇಳಿ. ಸಾಧ್ಯವಾದರೆ ಜೋರು ಮಳೆ ಬಿದ್ದ ದಿನ ಎರಡೂ ಕಡೆ ಒಂದು ರೌಂಡ್ ಹಾಕಿ, ಗಟಾರ ಯಾವ ಕಡೆ ಹರಿಯುತ್ತೆ, ರಸ್ತೆ ಮೇಲೆ ನೀರು ನಿಲ್ಲುತ್ತಾ, ಪಶ್ಚಿಮದ ಗೋಡೆ ಒಳಗಿಂದ ತೇವ ಆಗಿದೆಯಾ ನೋಡಿ. ಬೆಳಗಾವಿಯ ಗಾಳಿ-ಮಳೆ ಹೆಚ್ಚಾಗಿ ಪಡುವಣದಿಂದ ಹೊಡೆಯುತ್ತದೆ. ಪೂರ್ವಕ್ಕೆ ಬಾಗಿಲಿರುವ ಮನೆಯಲ್ಲಿ ಹಿಂದಿನ ಬೆಡ್‌ರೂಮಿನ ಗೋಡೆಯೇ ಅದಕ್ಕೆ ಎದೆ ಕೊಡುವುದು, ಕಪಾಟಿನ ಹಿಂದೆ ಕೈಯಾಡಿಸಿ ನೋಡಿ.

ದುಡ್ಡಿನ ವಿಷಯ. 3 ಲಕ್ಷ ಜಾಸ್ತಿ ಅಂದರೆ ದೊಡ್ಡ ಮೊತ್ತ ಅನ್ನಿಸುತ್ತದೆ, ಬಿಡಿಸಿ ನೋಡೋಣ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30ರಿಂದ 75 ಲಕ್ಷದ ಸಾಲಕ್ಕೆ ಮನೆ ಬೆಲೆಯ ಶೇ 80ರವರೆಗೆ ಮಾತ್ರ ಬ್ಯಾಂಕು ಕೊಡಬಹುದು, ನೋಂದಣಿ ಖರ್ಚು ಅದರಲ್ಲಿ ಸೇರುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಒಟ್ಟು 7.6. ಹೀಗೆ ಲೆಕ್ಕ ಹಾಕಿದರೆ ವಡಗಾವಿ ಮನೆಗೆ ನಿಮ್ಮ ಕೈಯಿಂದ ಸುಮಾರು 16 ಲಕ್ಷ ಹೋಗುತ್ತದೆ, ರಾಮತೀರ್ಥ ನಗರದ್ದಕ್ಕೆ 16 ಲಕ್ಷ 84 ಸಾವಿರ. ಸಾಲದಲ್ಲಿ ವ್ಯತ್ಯಾಸ 2 ಲಕ್ಷ 40 ಸಾವಿರ. ಬಡ್ಡಿ ಶೇ 8.5, ಅವಧಿ 20 ವರ್ಷ ಅಂತ ಹಿಡಿದರೆ ತಿಂಗಳ ಕಂತಿನಲ್ಲಿ ಜಾಸ್ತಿ ಬೀಳುವುದು ಸುಮಾರು 2,100 ರೂಪಾಯಿ. ಕಂತೇ 42 ಸಾವಿರ ದಾಟುವಾಗ ಈ 2,100 ರೂಪಾಯಿಗಾಗಿ ಮನೆ ಆರಿಸಬೇಡಿ. ನನಗೆ ಚಿಂತೆ ಇರುವುದು 18 ಲಕ್ಷದಲ್ಲಿ ಉಳಿಯುವ ಲಕ್ಷ ಚಿಲ್ಲರೆಯದ್ದು. ವಕೀಲರ ಫೀಸು, ಬ್ಯಾಂಕಿನ ಖರ್ಚು, ಸಾಮಾನು ಸಾಗಿಸುವುದು, ಒಂದು ಕೈ ಬಣ್ಣ, ಅಷ್ಟರಲ್ಲೇ ಮುಗಿಯುತ್ತದೆ. ಹಾಗಾಗಿ ಬೆಲೆ ಇಳಿಸಿ ಕೇಳಿ. 10 ವರ್ಷದ ಮನೆಯ ಟೆರೇಸ್ ಸೋರದ ಹಾಗೆ ಮಾಡಿಸಲು ಖರ್ಚಾಗಬಹುದು, ಇಂಜಿನಿಯರ್ ಹೇಳಿದ ಅಂದಾಜನ್ನೇ ಮುಂದಿಟ್ಟು ಮಾತಾಡಿ. ಪುಣೆಗೆ ಹೊರಟವರಿಗೂ ವ್ಯವಹಾರ ಬೇಗ ಮುಗಿಯುವುದು ಬೇಕಿರುತ್ತದೆ. ಸ್ವಲ್ಪ ದುಡ್ಡು ನಗದು ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಅಂದರೆ ಒಪ್ಪಬೇಡಿ. ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಂಚಕಾರವನ್ನು ನಗದು ಪಡೆಯುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ, ಮೇಲಾಗಿ ಪತ್ರದಲ್ಲಿ ಬೆಲೆ ಕಡಿಮೆ ಆದಷ್ಟೂ ನಿಮಗೆ ಸಿಗುವ ಸಾಲವೂ ಕಡಿಮೆ. ಮೊದಲ ಸಲ ಕೊಳ್ಳುವವರಿಗೆ ಯಾರೂ ಹೇಳದ ಇನ್ನೊಂದು ವಿಷಯ: ಬೆಲೆ 50 ಲಕ್ಷ ಅಥವಾ ಹೆಚ್ಚು ಇದ್ದರೆ ಅದರ ಶೇ 1ರಷ್ಟನ್ನು ಟಿಡಿಎಸ್ ಅಂತ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಅದನ್ನು ಮುರಿದುಕೊಳ್ಳಬೇಕು, ಮರೆತರೆ ನೋಟಿಸು ಬರುವುದು ನಿಮಗೇ.

ಎರಡನೆಯ ಮನೆಯ ಸಾಲದ ಬಗ್ಗೆ ನೀವು ಅಳುಕಿದ ಹಾಗೆ ಕಾಣುತ್ತದೆ. ಬ್ಯಾಂಕಿನ ಸಾಲ ಬಾಕಿ ಇದೆ ಅಂದರೆ ಒಂದು ರೀತಿಯಲ್ಲಿ ಒಳ್ಳೆಯದೇ, ಒಮ್ಮೆ ಬ್ಯಾಂಕಿನ ವಕೀಲರು ಆ ಕಾಗದ ನೋಡಿ ಒಪ್ಪಿದ್ದಾರೆ. ಮೂಲ ಪತ್ರಗಳು ಅಲ್ಲೇ ಇವೆಯಾ, ಬಾಕಿ ಎಷ್ಟು ಅಂತ ಬ್ಯಾಂಕಿನಿಂದ ಬರೆಸಿಕೊಳ್ಳಿ, ನಿಮ್ಮ ಸಾಲದ ದುಡ್ಡಿನಲ್ಲಿ ಮೊದಲು ಆ ಬಾಕಿ ತೀರಲಿ, ಪತ್ರಗಳು ನೇರ ನಿಮ್ಮ ಬ್ಯಾಂಕಿಗೆ ಬರಲಿ. ಎರಡೂ ಮನೆಯ ಇ-ಖಾತೆ, ಎನ್.ಎ. ಆದೇಶ (ಹೊಲದ ಜಾಗವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಲೇಔಟ್ ಮಂಜೂರಾತಿ, ಕಟ್ಟಡ ಪರವಾನಗಿ ಕೇಳಿ ಪಡೆಯಿರಿ. ಋಣಭಾರ ಪತ್ರವನ್ನು, ಅದೇ ಇ.ಸಿ.ಯನ್ನು, ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ನೀವೇ ತೆಗೆಸಬಹುದು, ಬಹಳ ಹಳೆಯದಕ್ಕೆ ಕಚೇರಿಗೆ ಹೋಗಬೇಕಾಗಬಹುದು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣ-ತಮ್ಮಂದಿರ ದಾವೆ ಕೋರ್ಟಿನಲ್ಲಿದ್ದರೆ ಇ.ಸಿ.ಯಲ್ಲಿ ಕಾಣದೇ ಹೋಗಬಹುದು, ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಿ.

ದಿನನಿತ್ಯದ ಓಡಾಟ ನೋಡಿದರೂ ನನಗೆ ನಿಮ್ಮ ಮನೆಯವರ ಮಾತೇ ಸರಿ ಅನ್ನಿಸುತ್ತದೆ. ವಡಗಾವಿಯಲ್ಲಿದ್ದರೆ ತಾಯಿ ಮಗಳು ಇಬ್ಬರೂ ದಿನಾ ಊರು ದಾಟಿ ಹೋಗಬೇಕು. ರಾಮತೀರ್ಥ ನಗರದಲ್ಲಿದ್ದರೆ ನೀವೊಬ್ಬರೇ. ನಿಮ್ಮ ಶಿಫ್ಟ್ ರಾತ್ರಿಯದ್ದೂ ಇರುತ್ತದೆ ಅಂದರೆ ನಿಮ್ಮ ಕಷ್ಟವೂ ದೊಡ್ಡದೇ, ಅದನ್ನು ಇಬ್ಬರೂ ಕೂತು ಮಾತಾಡಿ. ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ, ಆ ಮನೆಯಲ್ಲಿ ಮುಂದೆ ಅವರೂ ಬಂದು ಇರುವವರು, ಮನಸ್ಸಿಗೆ ಕಿರಿಕಿರಿ ಇಟ್ಟುಕೊಂಡು ಇರುವುದು ಕಷ್ಟ. ಒಬ್ಬ ಗೌಂಡಿಯನ್ನು ಕರೆದುಕೊಂಡು ಹೋಗಿ ಸಂಡಾಸವನ್ನು ಬೇರೆ ಮೂಲೆಗೆ ಒಯ್ಯಲು ಆಗುತ್ತಾ, ಎಷ್ಟು ಖರ್ಚು ಅಂತ ಕೇಳಿ. ಸರಿಸಬಹುದಾದರೆ ಆ ಖರ್ಚನ್ನೂ ಬೆಲೆಯ ಮಾತಿಗೆ ಸೇರಿಸಿ.

ಸಂಚಕಾರದ ಬಗ್ಗೆ ಏಜೆಂಟನಿಗೆ ಹೀಗೆ ಹೇಳಿ: ವಕೀಲರು ಕಾಗದ ನೋಡಿ ಹೂಂ ಅಂದ ಮೇಲೆ ಕೊಡುತ್ತೇವೆ, ಚೆಕ್ಕಿನಲ್ಲಿ ಕೊಡುತ್ತೇವೆ, ಕಾಗದದ ದೋಷದಿಂದ ಬ್ಯಾಂಕು ಸಾಲ ಕೊಡದಿದ್ದರೆ ದುಡ್ಡು ವಾಪಸ್ ಅಂತ ಕರಾರು ಪತ್ರದಲ್ಲಿ ಬರೆಯಬೇಕು. ಅಷ್ಟರಲ್ಲಿ ಮನೆ ಬೇರೆಯವರಿಗೆ ಹೋದರೆ ಹೋಗಲಿ. ಬೆಳಗಾವಿಯಲ್ಲಿ 30–40ರ ಜಾಗದ ಮನೆಗಳಿಗೆ ಬರ ಬಂದಿಲ್ಲ.

ಪ್ರಶ್ನೆ: ಅಕ್ಕಾ, ಊರ ಹೊರಗೆ ಎರಡು ಮನೆ ಅಕ್ಕಪಕ್ಕ ಇವೆ, ಒಂದೊಂದು ಗುಂಟೆ ಜಾಗ. ಒಂದಕ್ಕೆ 31 ಲಕ್ಷ, ಖರೀದಿ ಪತ್ರ ಆಗುತ್ತದೆ. ಇನ್ನೊಂದಕ್ಕೆ 22 ಲಕ್ಷ, ಆದರೆ ಹೊಲದ ಜಾಗ, ಎನ್.ಎ. ಆಗಿಲ್ಲ, 100 ರೂಪಾಯಿ ಬಾಂಡ್ ಮೇಲೆ ಬರೆದುಕೊಡುತ್ತಾರಂತೆ. ನಮ್ಮ ಓಣಿಯಲ್ಲಿ ಎಷ್ಟೋ ಜನ ಹಾಗೇ ತಗೊಂಡಿದ್ದಾರೆ. 9 ಲಕ್ಷ ಉಳಿಯುತ್ತಲ್ಲಾ? ನಾನು ಟೇಲರ್, ನಮಗೆ ಇದು ಬಹಳ ದೊಡ್ಡ ದುಡ್ಡು.

ಉತ್ತರ: ತಂಗಿ, ಉಳಿಯುವುದಿಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯ ಖರೀದಿ ಪತ್ರ ನೋಂದಣಿ ಆಗಲೇಬೇಕು. ಬಾಂಡ್ ಮೇಲೆ ಬರೆಸಿಕೊಂಡರೆ 22 ಲಕ್ಷ ಕೊಟ್ಟ ಮೇಲೂ ಆ ಜಾಗ ಹೊಲದ ಮಾಲೀಕರ ಹೆಸರಿನಲ್ಲೇ ಇರುತ್ತದೆ. ನಾಳೆ ಅವರ ಮಕ್ಕಳು ಪಾಲು ಮಾಡಿಕೊಂಡರೆ, ಅಥವಾ ಅದೇ ಜಾಗ ಇನ್ನೊಬ್ಬರಿಗೆ ನೋಂದಣಿ ಮಾಡಿಕೊಟ್ಟರೆ, ನಿಮ್ಮ ಬಾಂಡ್ ಹಿಡಿದು ಕೋರ್ಟಿಗೆ ಅಲೆಯಬೇಕು. ಬ್ಯಾಂಕ್ ಸಾಲವೂ ಸಿಗುವುದಿಲ್ಲ, ಅಂದರೆ ಪೂರ್ತಿ 22 ಲಕ್ಷ ನೀವು ಕೈಯಿಂದಲೋ ಖಾಸಗಿ ಬಡ್ಡಿಗೋ ತರಬೇಕು. ಓಣಿಯವರು ತಗೊಂಡಿದ್ದಾರೆ ಅಂದಿರಿ, ಅವರಲ್ಲಿ ಯಾರಾದರೂ ಆ ಮನೆ ಮಾರಲು ಹೋಗಿದ್ದರೆ ಏನಾಯಿತು ಅಂತ ಕೇಳಿ ನೋಡಿ.

31 ಲಕ್ಷದ ಮನೆಗೂ ಕಣ್ಣು ಮುಚ್ಚಿ ಹೂಂ ಅನ್ನಬೇಡಿ. ಪಕ್ಕದ್ದು ಎನ್.ಎ. ಆಗಿಲ್ಲ ಅಂದ ಮೇಲೆ ಇದು ಹೇಗೆ ಆಯಿತು ಅಂತ ಆದೇಶದ ಪ್ರತಿ ತರಿಸಿ. ಅದರಲ್ಲಿರುವ ಸರ್ವೇ ನಂಬರ್, ಇ-ಖಾತೆಯಲ್ಲಿರುವ ನಂಬರ್, ಮಾರುವವರ ಖರೀದಿ ಪತ್ರದ ನಂಬರ್ ಮೂರೂ ಒಂದೇ ಇವೆಯಾ, ಚಕಬಂದಿ, ಅಂದರೆ ನಾಲ್ಕೂ ಕಡೆಯ ಗಡಿ, ಹೊಂದುತ್ತದೆಯಾ ಅಂತ ವಕೀಲರ ಮುಂದೆ ಕೂತು ನೋಡಿಸಿ. ಹೊಂದಿದರೆ ಬ್ಯಾಂಕಿಗೆ ಅರ್ಜಿ ಹಾಕಿ. ಟೇಲರಿಂಗ್ ಆದಾಯಕ್ಕೆ ಸಂಬಳದ ಚೀಟಿ ಇರುವುದಿಲ್ಲವಾದ್ದರಿಂದ ಅಂಗಡಿಯ ಲೈಸೆನ್ಸ್, ಬ್ಯಾಂಕ್ ಪಾಸ್‌ಬುಕ್, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದರೆ ಅದರ ಪ್ರತಿ ಈಗಲೇ ಜೋಡಿಸಿಟ್ಟುಕೊಳ್ಳಿ. ಗಿರಾಕಿಗಳಿಂದ ಬರುವ ದುಡ್ಡನ್ನು ಇವತ್ತಿನಿಂದಲೇ ಖಾತೆಗೆ ಹಾಕಿಸಿಕೊಳ್ಳಲು ಶುರು ಮಾಡಿ.