ಸಂಘದ ಸ್ವಂತ ಸಮುದಾಯ ಭವನವನ್ನು ನಗರಸಭೆಗೆ ಒಪ್ಪಿಸಬೇಕಾ?

ಒಪ್ಪಿಸಬೇಡಿ.

ಭವನ ಸಂಘದ್ದು, ಖರ್ಚು ತೂಗಿಸಲು ಆಗುತ್ತಿಲ್ಲ, ಅನುದಾನ ಕೇಳೋಣ ಅಂತ ಕೆಲವರು, ನಗರಸಭೆಗೇ ಕೊಟ್ಟುಬಿಡೋಣ ಅಂತ ಇನ್ನು ಕೆಲವರು ಎಂದು ಬರೆದಿದ್ದೀರಿ. ಓದುತ್ತಿದ್ದ ಹಾಗೆ ನಮ್ಮ ಸಂಘದ ಹಳೇ ಠರಾವು ಪುಸ್ತಕ ತೆರೆದ ಹಾಗಾಯಿತು.

ನಮ್ಮದು ಹಾಸನ, ಸಾಲಗಾಮೆ ರಸ್ತೆ ಕಡೆಯ ಒಂದು ಬಡಾವಣೆ. ಮೇಷ್ಟ್ರೊಬ್ಬರು ಸಂಘಕ್ಕೆ ದಾನಪತ್ರ ಮಾಡಿಕೊಟ್ಟ ಸೈಟಿನಲ್ಲಿ ನಾವೇ ಚಂದಾ ಎತ್ತಿ ಶೀಟಿನ ಭವನ ಕಟ್ಟಿದ್ದೆವು. ನಾನು ಕಾರ್ಯದರ್ಶಿ. ನಾಮಕರಣ, ಸೀಮಂತ, ವೈಕುಂಠ ಸಮಾರಾಧನೆ ಎಲ್ಲ ಅಲ್ಲೇ. ದಿನಕ್ಕೆ 1,500 ರೂಪಾಯಿ ಬಾಡಿಗೆ. ಅದರಲ್ಲಿ ಕರೆಂಟ್ ಬಿಲ್ಲು, ಗುಡಿಸುವವರ ಸಂಬಳ, ಕಂದಾಯ ಕಳೆದು ಸ್ವಲ್ಪ ಉಳಿಯುತ್ತಿತ್ತು ಕೂಡ.

ಹಿಂದುಗಡೆ ಒಂದು ಊಟದ ಮನೆ ಬೇಕು ಅಂತ ಎಲ್ಲರಿಗೂ ಆಸೆ. ಜನಪ್ರತಿನಿಧಿಯೊಬ್ಬರು ತಮ್ಮ ನಿಧಿಯಿಂದ 5 ಲಕ್ಷ ಕೊಡಲು ಒಪ್ಪಿದರು. ಹಣ ಬಿಡುಗಡೆಗೆ ಸಂಘದಿಂದ ಒಂದು ಮುಚ್ಚಳಿಕೆ ಬೇಕಿತ್ತು. ಕಚೇರಿಯವರು ಮಾದರಿಯನ್ನೂ ಕೊಟ್ಟರು. ಅದರ ಕೊನೇ ಸಾಲು ಈಗಲೂ ಬಾಯಿಪಾಠ: 'ಸದರಿ ಊಟದ ಮನೆಯು ಜಾತಿ ಮತ ಭೇದವಿಲ್ಲದೆ ಸಾರ್ವಜನಿಕರ ಬಳಕೆಗೆ ಸದಾ ಮುಕ್ತವಾಗಿರುತ್ತದೆ.'

ನಾನು ರಾತ್ರಿ ಕೂತು ಲೆಟರ್‌ಹೆಡ್ ಮೇಲೆ ಅದನ್ನು ಬರೆದೆ. ನಕಲು ಮಾಡಿದ್ದರೆ ಸಾಕಿತ್ತು, ನಾನು ತಿದ್ದಿದೆ. 'ಸದರಿ ಭವನವು ಸಾರ್ವಜನಿಕರಿಗೆ ಸದಾ ಉಚಿತವಾಗಿ ಲಭ್ಯವಿರುತ್ತದೆ' ಅಂತ ಬರೆದೆ. ಹಣ ಕೊಡುವವರಿಗೆ ಖುಷಿಯಾಗಲಿ, ಫೈಲು ಬೇಗ ಹೋಗಲಿ ಅನ್ನೋದು ಮನಸ್ಸಿನಲ್ಲಿತ್ತು.

ಮುಕ್ತ ಬೇರೆ, ಉಚಿತ ಬೇರೆ. ಮುಕ್ತ ಅಂದರೆ ಯಾರನ್ನೂ ಬಾಗಿಲಲ್ಲಿ ನಿಲ್ಲಿಸೋ ಹಾಗಿಲ್ಲ. ನಮ್ಮ ಸದಸ್ಯರಿಗೆ ಏನು ಬಾಡಿಗೆಯೋ ಪಕ್ಕದ ಬೀದಿಯವರಿಗೂ ಅದೇ. ಉಚಿತ ಅಂದರೆ ಬಾಡಿಗೆಯೇ ಇಲ್ಲ. ಸಾಲದ್ದಕ್ಕೆ 'ಊಟದ ಮನೆ' ಅಂತ ಇದ್ದ ಕಡೆ 'ಭವನ' ಅಂತ ಹಾಕಿದ್ದೆ. ಅವರು ಹಣ ಕೊಟ್ಟಿದ್ದು ಹಿಂದಿನ ಒಂದು ಕೋಣೆಗೆ. ನಾನು ಬರೆದುಕೊಟ್ಟಿದ್ದು ನಾವು ಹನ್ನೆರಡು ವರ್ಷ ಚಂದಾ ಎತ್ತಿ ಕಟ್ಟಿದ ಇಡೀ ಕಟ್ಟಡವನ್ನ. ಹನ್ನೊಂದು ಜನ ನಿರ್ದೇಶಕರು ಸಹಿ ಹಾಕಿದರು. ಅವರನ್ನು ದೂರಲಾರೆ. ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕಾದವಳು ನಾನು, ಓದಲಿಲ್ಲ.

ಒಂದು ವರ್ಷ ಏನೂ ಆಗಲಿಲ್ಲ. ಆಮೇಲೆ ಮಗಳ ನಿಶ್ಚಿತಾರ್ಥಕ್ಕೆ ಕೇಳಲು ಬಂದ ಒಬ್ಬರು ಮೊಬೈಲಿನಲ್ಲಿ ಅದೇ ಪತ್ರದ ಫೋಟೊ ತೋರಿಸಿದರು. "ಮೇಡಂ, ನೀವೇ ಬರ್ಕೊಟ್ಟಿದೀರಲ್ಲ ಉಚಿತ ಅಂತ. ಮತ್ತೆ ಬಾಡಿಗೆ ಯಾಕೆ?" ಅವರು ಹೇಳಿದ್ದು ಸರಿಯಾಗಿತ್ತು. ಬಾಡಿಗೆ ಬಿಟ್ಟೆವು. ತಿಂಗಳೊಳಗೆ ಊರಿಗೆಲ್ಲ ಗೊತ್ತಾಯಿತು.

ಆ ವರ್ಷ ಹಾಸನಾಂಬೆ ಬಾಗಿಲು ತೆರೆದ ದಿನಗಳನ್ನು ಮರೆಯೋಕಾಗಲ್ಲ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಮಾತ್ರ ದರ್ಶನ, ಬಲಿಪಾಡ್ಯಮಿ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಊರಿಗೆ ಊರೇ ತುಂಬಿರುತ್ತೆ. ತಂಡ ತಂಡವಾಗಿ ಬಂದವರು ನಮ್ಮ ಭವನದಲ್ಲಿ ತಂಗಿದರು. ದೇವಿಯ ದರ್ಶನಕ್ಕೆ ಬಂದವರನ್ನ ಇಲ್ಲ ಅನ್ನೋಕೆ ಮನಸ್ಸೂ ಬರಲ್ಲ ಅಲ್ವಾ? ಶೌಚದ ಗುಂಡಿ ತುಂಬಿ ಹರಿಯಿತು. ಟ್ಯಾಂಕರ್ ನೀರಿಗೆ, ಗುಂಡಿ ಖಾಲಿ ಮಾಡಿಸೋಕೆ, ಒಡೆದ ನಲ್ಲಿಗಳಿಗೆ ಸಂಘದ ಠೇವಣಿ ಮುರಿದೆವು. 1,80,000 ರೂಪಾಯಿ. ಮಳೆ ಸೋರುವ ಶೀಟು ತೆಗೆದು ತಾರಸಿ ಹಾಕಲು ಇಟ್ಟ ದುಡ್ಡು ಅದು. ಸೈಟು ಕೊಟ್ಟ ಮೇಷ್ಟ್ರು ತಾರಸಿ ನೋಡದೇ ಹೋದರು. ಅದು ನನಗೆ ಇವತ್ತಿಗೂ ನೋವು.

ಆಗ ನಮ್ಮಲ್ಲೂ 'ನಗರಸಭೆಗೆ ಕೊಟ್ಟುಬಿಡೋಣ' ಅನ್ನೋ ಮಾತು ಬಂತು. ನಾನು ಒಪ್ಪಲಿಲ್ಲ. ನಗರಸಭೆಗಳಿಗೂ ಅನ್ವಯಿಸುವ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಕಡ್ಡಾಯವಾಗಿ ಮಾಡಬೇಕಾದ ಕೆಲಸಗಳು ಬೇರೆ, ಇಷ್ಟವಿದ್ದರೆ ಮಾಡಬಹುದಾದವು ಬೇರೆ. ಬೀದಿ ದೀಪ, ಚರಂಡಿ, ಕಸ ಎಲ್ಲ ಕಡ್ಡಾಯ. ನಿಮ್ಮ ಭವನ ನಡೆಸಿಕೊಡೋದು ಕಡ್ಡಾಯವಲ್ಲ. ಹಾಗಿರುವಾಗ ಕೈಯಲ್ಲಿ ಹಣ ಕಡಿಮೆ ಇರೋ ವರ್ಷ ಮೊದಲು ನಿಲ್ಲೋದು ಯಾವುದು, ನೀವೇ ಯೋಚಿಸಿ. ಭವನದ ಮುಂದಿನ ಚರಂಡಿ, ದೀಪ, ಕಸದ ಗಾಡಿ ಇವನ್ನ ಹಕ್ಕಿನಿಂದ ಕೇಳಿ, ಬಿಡಬೇಡಿ. ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿ, ಶೇ. 5 ರಿಯಾಯಿತಿ ಸಿಗುತ್ತೆ. ಕೀಲಿಕೈ ಮಾತ್ರ ನಿಮ್ಮ ಹತ್ತಿರವೇ ಇರಲಿ.

ಅನುದಾನ ತಗೊಳ್ಳಬೇಡಿ ಅಂತ ನಾನು ಹೇಳಲ್ಲ. ಅದು ಜನರ ಹಣ, ನಿಮ್ಮ ಬಡಾವಣೆಗೂ ಬರಲಿ. ಆದರೆ ಸಂಸದರ ನಿಧಿಯಾಗಲಿ ಶಾಸಕರ ನಿಧಿಯಾಗಲಿ, ಅದರಲ್ಲಿ ಕಟ್ಟಿದ್ದು ಸಾರ್ವಜನಿಕರ ಬಳಕೆಗೆ ಸಿಗಲೇಬೇಕು. ಅದು ನ್ಯಾಯ ಕೂಡ. ಎಷ್ಟು ಭಾಗ, ವರ್ಷಕ್ಕೆ ಎಷ್ಟು ದಿನ, ಬಾಡಿಗೆ ಎಷ್ಟು, ಗುಂಡಿ ತುಂಬಿದರೆ ಯಾರ ಖರ್ಚು, ಇಷ್ಟನ್ನು ಹಣ ಬರೋ ಮೊದಲೇ ಕಾಗದಕ್ಕೆ ಇಳಿಸಿ. ಚುನಾವಣೆಗೆ ಭವನ ಕೇಳಿದರೆ ಜಗಳ ಬೇಡ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 160ನೇ ಕಲಂ ಪ್ರಕಾರ ಮತಗಟ್ಟೆಗೆ ಖಾಸಗಿ ಕಟ್ಟಡವನ್ನೂ ಪಡೆಯಬಹುದು.

ನಮ್ಮ ಪತ್ರ ಸರಿಹೋಗೋಕೆ ಎರಡೂವರೆ ವರ್ಷ ಹಿಡಿಯಿತು. ಸರ್ವಸದಸ್ಯರ ಸಭೆ ಕರೆದು ಹೊಸ ಠರಾವು ಮಾಡಿದೆವು. ಹಳೇ ಮಾದರಿಯನ್ನೂ ನನ್ನ ಪತ್ರವನ್ನೂ ಪಕ್ಕಪಕ್ಕ ಇಟ್ಟು ಅಧಿಕಾರಿಗಳಿಗೆ ತೋರಿಸಿದೆವು. ಕೊನೆಗೆ ಒಪ್ಪಿದರು. ಈಗ ವರ್ಷಕ್ಕೆ 24 ದಿನ ಪಲ್ಸ್ ಪೋಲಿಯೊ, ಆರೋಗ್ಯ ಶಿಬಿರದಂಥ ಸಾರ್ವಜನಿಕ ಕೆಲಸಕ್ಕೆ ಉಚಿತ. ಉಳಿದ ದಿನ ಯಾರಿಗಾದರೂ ಒಂದೇ ಬಾಡಿಗೆ, ರಸೀದಿ ಸಮೇತ. ತಾರಸಿ ಹೋದ ವರ್ಷ ಬಿತ್ತು.

ನಿಮ್ಮ ಸಂಘ ಹಿಂದೆ ಯಾರಿಗಾದರೂ ಇಂಥ ಪತ್ರ ಕೊಟ್ಟಿದೆಯಾ? ಬೀರುವಿನ ಫೈಲುಗಳನ್ನ ತೆಗೆದು ನೋಡಿ. ಸಿಕ್ಕಿದರೆ ಆ ಸಾಲನ್ನ ಇಲ್ಲಿ ಹಾಗೇ ಬರೆಯಿರಿ, ಇದ್ದದ್ದು ಇದ್ದ ಹಾಗೆ. ಆಮೇಲೆ ಮಾತಾಡೋಣ.