ಮಲ್ಚಿಂಗ್ ಶೀಟ್ ಹೊಸದಾಗಿ ಹಾಕುವವರು ಎಲ್ಲಿಂದ ಶುರು ಮಾಡಬೇಕು?

ಸ್ವಲ್ಪ ಜಾಗದಲ್ಲಿ ಟೊಮೇಟೊ, ಮೆಣಸಿನಕಾಯಿ ಹಾಕಬೇಕು, ಮಲ್ಚಿಂಗ್ ಶೀಟ್ (ಮಡಿಯ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ) ಬಳಸೋದು ಹೇಗೆ ಅಂತ ಕೇಳಿದ್ದೀರಿ. ಹೊಸಬರ ಜೊತೆ ನಿಂತು ಶೀಟ್ ಹಾಸಿಸುವುದು ನನಗೆ ರೂಢಿ. ಎಲ್ಲರೂ ಮೊದಲು ಕೇಳುವುದು ಯಾವ ಬಣ್ಣ ಅಂತ. ನಾನು ಮೊದಲು ನೋಡುವುದು ಮಡಿಯನ್ನು.

ಏರುಮಡಿ 15ರಿಂದ 20 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು. ಹೆಂಟೆ ಒಡೆದು, ಕೂಳೆ, ಕಲ್ಲು ಆರಿಸಿ ತೆಗೆಯಿರಿ. ಒಂದು ಚೂಪು ಕಡ್ಡಿ ಉಳಿದರೂ ಶೀಟ್ ಅಲ್ಲೇ ಹರಿಯುತ್ತದೆ. ಕೊಟ್ಟಿಗೆ ಗೊಬ್ಬರ ಈಗಲೇ ಮಣ್ಣಿಗೆ ಬೆರೆಸಿಬಿಡಿ, ಆಮೇಲೆ ಹಾಕೋಕೆ ಆಗಲ್ಲ. ಡ್ರಿಪ್ ಪೈಪ್ ಎಳೆದು, ನೀರು ಬಿಟ್ಟು, ಪ್ರತಿ ತೂತಿನಿಂದ ಹನಿ ಬೀಳುತ್ತಿದೆಯಾ ನೋಡಿ. ಮಣ್ಣು ಹದವಾಗಿ ನೆನೆದಿರುವಾಗಲೇ ಶೀಟ್ ಹಾಸಿ.

ಶೀಟ್ ಮಣ್ಣಿಗೆ ಅಂಟಿಕೊಂಡಿರಬೇಕು. ಸಡಿಲ ಬಿಟ್ಟರೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ. ಒಳಗೆ ಕಾದ ಗಾಳಿ, ಸಸಿ ನೆಡಲು ಶೀಟಿನಲ್ಲಿ ಮಾಡಿದ ತೂತಿನಿಂದ ಮೇಲೆ ಬಂದು ಎಳೆ ಸಸಿಯ ಕಾಂಡವನ್ನು ಸುಡುತ್ತದೆ. ಸಸಿ ಬಾಡಿದ್ದು ನೋಡಿ ರೋಗ ಅಂದುಕೊಂಡು ಔಷಧಿ ಹೊಡೆಯುವವರೂ ಇದ್ದಾರೆ! ಅದಕ್ಕೇ ಎರಡೂ ಅಂಚನ್ನು ಮಣ್ಣಲ್ಲಿ ಚೆನ್ನಾಗಿ ಹೂತು ತುಳಿಯಿರಿ. ನಾಟಿ ಮಾಡಿದ ಮೇಲೆ ತೂತಿನ ಸುತ್ತ ಒಂದು ಹಿಡಿ ಮಣ್ಣು ಹಾಕಿ.

ಇನ್ನು ಬಣ್ಣ. ಬಿಸಿಲು ಜಾಸ್ತಿ ಇರುವ ಕಡೆ ಬೆಳ್ಳಿ-ಕಪ್ಪು ಶೀಟ್ ತಗೊಳ್ಳಿ, ಬೆಳ್ಳಿ ಬಣ್ಣ ಮೇಲಕ್ಕೆ ಬರಲಿ. ಅದರ ಹೊಳಪಿಗೆ ಥ್ರಿಪ್ಸ್, ಬಿಳಿ ನೊಣ, ಸಸ್ಯಹೇನಿನಂಥ ರಸ ಹೀರುವ ಪುಟ್ಟ ಕೀಟಗಳ ಕಾಟ ಶುರುವಿನಲ್ಲಿ ಕಡಿಮೆ ಇರುತ್ತದೆ. ಗಿಡ ಬೆಳೆದು ಶೀಟ್ ಮುಚ್ಚಿದ ಮೇಲೆ ಆ ಲಾಭ ಇರಲ್ಲ. ದಪ್ಪ 25-30 ಮೈಕ್ರಾನ್ ಇರಲಿ. ಅಗ್ಗಕ್ಕೆ ಸಿಗುತ್ತೆ ಅಂತ ತೀರಾ ತೆಳು ತಂದರೆ ಬೆಳೆ ಮುಗಿದಾಗ ಚೂರು ಚೂರಾಗಿ ಕೈಗೆ ಬರುತ್ತದೆ. ಜೇಕಿನ ಹುಲ್ಲಿದ್ದರೆ ಮೊದಲೇ ಗಡ್ಡೆ ಸಮೇತ ಕಿತ್ತುಬಿಡಿ. ಅದರ ಮೊಳಕೆ ಶೀಟನ್ನೇ ಚುಚ್ಚಿಕೊಂಡು ಬರುತ್ತದೆ.

ಹೊಸಬರು ಜಾಸ್ತಿ ಎಡವುವುದು ನೀರಿನಲ್ಲಿ. ಶೀಟ್ ಕೆಳಗೆ ತೇವ ಬೇಗ ಆರಲ್ಲ. ಹಳೇ ಲೆಕ್ಕದಲ್ಲೇ ನೀರು ಬಿಟ್ಟರೆ ಬೇರು ಕೊಳೆಯುತ್ತದೆ. ತೂತಿನೊಳಗೆ ಬೆರಳು ಇಳಿಸಿ ಒಂದಿಷ್ಟು ಮಣ್ಣು ತೆಗೆದು ಹಿಂಡಿ ನೋಡಿ. ಉಂಡೆ ಕಟ್ಟಿದರೆ ಇವತ್ತು ನೀರು ಬೇಡ.

ಕೊತ್ತಂಬರಿ, ಮೆಂತ್ಯದಂಥ ಒತ್ತಾಗಿ ಬಿತ್ತುವ ಸೊಪ್ಪಿಗೆ ಇದು ಸುಮ್ನೆ ಖರ್ಚು. ಬೆಳೆ ಮುಗಿದ ಮೇಲೆ ಶೀಟನ್ನು ಉಳುಮೆಗೆ ಮುಂಚೆ ಪೂರ್ತಿ ಎತ್ತಿಬಿಡಿ. ಸುಡಬೇಡಿ, ಮಣ್ಣಿಗೆ ಸೇರಿಸಲೂಬೇಡಿ. ನಿಮ್ಮದು ಯಾವ ಥರದ ಮಣ್ಣು ಅಂತ ತಿಳಿಸಿದರೆ ಡ್ರಿಪ್ ಎಷ್ಟು ದೂರಕ್ಕೆ ಇಡಬೇಕು ಅಂತ ಹೇಳ್ತೀನಿ.