ಸಿಂಗಪುರದಲ್ಲಿ ಫ್ಲ್ಯಾಟ್ ಬೇಡ, ಕೋಣೆ ಹಿಡಿಯಿರಿ

ಪ್ರಶ್ನೆ: ಉಡುಪಿಯ ನಾವು ಐವರು ಗೆಳೆಯರು ಕ್ವಾಲಾಲಂಪುರ ಮತ್ತು ಸಿಂಗಪುರಕ್ಕೆ ಹೊರಟಿದ್ದೇವೆ. ನಮ್ಮಲ್ಲಿ ಇಬ್ಬರು ಯುವತಿಯರು, ಮೂವರು ಸಸ್ಯಾಹಾರಿಗಳು. ಎಲ್ಲರಿಗೂ ಇದು ಮೊದಲ ವಿದೇಶ ಪ್ರಯಾಣ. ಪ್ರವಾಸಿಗರಿಗೆ ಹಾಸಿಗೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಹಾಸ್ಟೆಲ್ ಅಗ್ಗ ಎಂದು ಒಬ್ಬರು, ಫ್ಲ್ಯಾಟ್ ಹಿಡಿದು ಅಡುಗೆ ಮಾಡಿಕೊಳ್ಳೋಣ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಸಿಂಗಪುರದ ಮಟ್ಟಿಗೆ ಫ್ಲ್ಯಾಟ್‌ನ ಯೋಚನೆಯನ್ನು ಈಗಲೇ ಕೈಬಿಡಿ. ಅಲ್ಲಿ ಖಾಸಗಿ ವಸತಿ ಮನೆಯನ್ನು 3 ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. ಸರ್ಕಾರಿ ವಸತಿ ಮಂಡಳಿಯ ಮನೆಗಳಿಗೆ ಈ ಮಿತಿ 6 ತಿಂಗಳು. ಮೊಬೈಲ್‌ನಲ್ಲಿ ಚಂದದ ಚಿತ್ರ ಕಂಡ ಮಾತ್ರಕ್ಕೆ ಮನೆ ಸಕ್ರಮವಾಗುವುದಿಲ್ಲ. ಸೆರಂಗೂನ್ ರಸ್ತೆಯ ಲಿಟ್ಲ್ ಇಂಡಿಯಾದಲ್ಲಿ ಹಾಸ್ಟೆಲ್‌ಗಳಿವೆ, ಮೆಟ್ರೊ ಹತ್ತಿರ, ಸಸ್ಯಾಹಾರಿ ಊಟಕ್ಕೂ ಪರದಾಟವಿಲ್ಲ.

ಹಾಸ್ಟೆಲ್ ಎಂದರೆ ಅಪರಿಚಿತರೊಡನೆ ಮಲಗಬೇಕೆಂದೇನೂ ಇಲ್ಲ. ಆರು ಹಾಸಿಗೆಗಳ ಕೋಣೆ ಸಿಕ್ಕರೆ ಆರನೆಯದರ ಹಣವನ್ನೂ ಕೊಟ್ಟು ಇಡೀ ಕೋಣೆಯನ್ನೇ ಹಿಡಿಯಿರಿ. ಐದು ಪಾಲಾದಾಗ ಅದು ಹೊರೆಯಾಗದು. ಆದರೆ ಮೊದಲು ಆ ಇಬ್ಬರು ಯುವತಿಯರನ್ನು ಕೇಳಿ. ಅವರಿಗೆ ಮಹಿಳೆಯರ ಪ್ರತ್ಯೇಕ ಕೋಣೆಯೇ ಬೇಕೆಂದರೆ ಅಲ್ಲಿಗೆ ಚರ್ಚೆ ಮುಗಿಯಿತು; ಉಳಿತಾಯದ ಹೆಸರಿನಲ್ಲಿ ಯಾರನ್ನೂ ಒಪ್ಪಿಸಲು ಹೋಗಬೇಡಿ. ಲಾಕರ್‌ಗೆ ಬೀಗ ನಿಮ್ಮದೇ ಇರಲಿ.

ಕ್ವಾಲಾಲಂಪುರದಲ್ಲಿ ಫ್ಲ್ಯಾಟ್ ಹಿಡಿಯಬಹುದು, ಆದರೆ ಕಟ್ಟಡದ ಆಡಳಿತ ಮಂಡಳಿಯ ಒಪ್ಪಿಗೆ ಇದೆಯೇ ಎಂದು ಮಾಲೀಕರಿಂದ ಬರಹದಲ್ಲೇ ಉತ್ತರ ಪಡೆಯಿರಿ. ಇಂಥ ಅಲ್ಪಾವಧಿ ಬಾಡಿಗೆಯನ್ನು ನಿಷೇಧಿಸುವ ಅಧಿಕಾರ ಆ ಮಂಡಳಿಗಳಿಗಿದೆ ಎಂದು ಮಲೇಷ್ಯಾದ ಫೆಡರಲ್ ಕೋರ್ಟ್ 2020ರಲ್ಲಿ ಹೇಳಿದೆ. ನನ್ನನ್ನು ಕೇಳಿದರೆ ಕೆಎಲ್ ಸೆಂಟ್ರಲ್ ನಿಲ್ದಾಣದ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಸಾಧಾರಣ ಹೋಟೆಲ್ ಸಾಕು. ವಿಮಾನ ನಿಲ್ದಾಣದ ವೇಗದ ರೈಲು ಅರ್ಧ ಗಂಟೆಯಲ್ಲಿ ಅಲ್ಲಿಗೆ ತಲುಪಿಸುತ್ತದೆ, ಬಾಳೆಎಲೆ ಊಟವೂ ಸಿಗುತ್ತದೆ. ಊರಾಚೆ ಅಗ್ಗದ ಕೋಣೆ ಹಿಡಿದು ದಿನವೂ ಟ್ಯಾಕ್ಸಿಗೆ ಸುರಿಯುವುದು ಉಳಿತಾಯವಲ್ಲ. ಮಲೇಷ್ಯಾದಲ್ಲಿ ವಿದೇಶಿಯರಿಗೆ ಪ್ರತಿ ಕೋಣೆಗೆ, ಪ್ರತಿ ರಾತ್ರಿಗೆ 10 ರಿಂಗಿಟ್ (ಅಲ್ಲಿನ ನಾಣ್ಯ) ಪ್ರವಾಸೋದ್ಯಮ ತೆರಿಗೆ ಇದೆ. ಬುಕಿಂಗ್ ದರದಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ.

ಇನ್ನು ದಿನಾಂಕದ ವಿಷಯ. ಮೊದಲ ಸಲ ಹೋಗುವವರು ಎಡವುವುದು ಇಲ್ಲೇ. ವಿಮಾನ 15ರ ನಸುಕಿನ ಎರಡಕ್ಕೆ ಇಳಿಯುವುದಾದರೆ ಕೋಣೆಯನ್ನು 14ರ ರಾತ್ರಿಯಿಂದಲೇ ಕಾಯ್ದಿರಿಸಬೇಕು. 15ರಿಂದ ಕಾಯ್ದಿರಿಸಿದರೆ ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರರವರೆಗೆ ಕೋಣೆ ಸಿಗದು. ತಡವಾಗಿ ಬರುವುದನ್ನು ಮುಂಚೆಯೇ ತಿಳಿಸಿ. ಇಲ್ಲದಿದ್ದರೆ ನೀವು ಬರಲೇ ಇಲ್ಲವೆಂದು ಬುಕಿಂಗ್ ರದ್ದಾಗಬಹುದು. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋದಾಗ ಅಲ್ಲೇ ಕೋಣೆ ಹುಡುಕುವ ರೂಢಿ ಇಲ್ಲಿ ನಡೆಯದು. ಎರಡೂ ದೇಶಗಳಿಗೆ, ಅಲ್ಲಿ ತಲುಪುವ ಮುಂಚಿನ 3 ದಿನಗಳೊಳಗೆ ಆನ್‌ಲೈನ್‌ನಲ್ಲಿ ಆಗಮನ ಪತ್ರ ತುಂಬಬೇಕು, ಅದರಲ್ಲಿ ಉಳಿಯುವ ವಿಳಾಸ ಕೇಳುತ್ತಾರೆ. ಬುಕಿಂಗ್ ಯಾರ ಹೆಸರಿನಲ್ಲೇ ಇರಲಿ, ಅದರ ಪ್ರತಿ ಐವರ ಬಳಿಯೂ ಇರಬೇಕು.